ಹೆಸರಿಗೆ ಮಾತ್ರ ನಾರ್ಮಲ್: ಮಾಂಟ್ ಬ್ಲಾಂಕ್ ಹತ್ತುವ ಮಾಮೂಲಿ ದಾರಿಯ ಕಥೆ

ನಮ್ಮಲ್ಲಿ 'ನಾರ್ಮಲ್' ಎಂಬ ಮಾತು ಎರಡು ಕಡೆ ಜಾಸ್ತಿ ಕೇಳಿಸುತ್ತದೆ. ಒಂದು, ಬಿ.ಪಿ. ನೋಡಿಸಿದಾಗ. ಇನ್ನೊಂದು, ಹೆರಿಗೆ ವಾರ್ಡಿನ ಹೊರಗೆ. 'ನಾರ್ಮಲ್ ಆಯ್ತಂತೆ' ಎಂದು ಫೋನಿನಲ್ಲಿ ಸುದ್ದಿ ಮುಟ್ಟಿಸುವವರು ಸಲೀಸಾಗಿ ಹೇಳಿಬಿಡುತ್ತಾರೆ. ಅದೆಷ್ಟು ನಾರ್ಮಲ್ ಎಂಬುದನ್ನು ನೋವು ತಿಂದವಳನ್ನೇ ಕೇಳಬೇಕು. ಪರ್ವತ ಹತ್ತುವವರು ಹೇಳುವ 'ನಾರ್ಮಲ್ ರೂಟ್' ಕೂಡ ಈ ಎರಡನೇ ಜಾತಿಯದು.

ಒಂದು ದೊಡ್ಡ ಶಿಖರಕ್ಕೆ ಹತ್ತಾರು ದಿಕ್ಕಿನಿಂದ ದಾರಿ ಇರುತ್ತದೆ. ಅವುಗಳಲ್ಲಿ ಕೈಚಳಕ ಕಡಿಮೆ ಸಾಕಾಗುವ, ಜಾಸ್ತಿ ಜನ ಹೋಗಿ ಬರುವ ದಾರಿಗೆ ನಾರ್ಮಲ್ ರೂಟ್ ಎಂದು ಹೆಸರು. ಸಲೀಸು ಎಂಬ ಅರ್ಥ ಅದಕ್ಕಿಲ್ಲ. ಅಪಾಯ ಇಲ್ಲ ಎಂಬ ಅರ್ಥವಂತೂ ಮೊದಲೇ ಇಲ್ಲ. ಇದನ್ನು ಚೆನ್ನಾಗಿ ಅರ್ಥ ಮಾಡಿಸುವ ಬೆಟ್ಟ ಎಂದರೆ ಆಲ್ಪ್ಸ್ ಸಾಲಿನ ಅತಿ ಎತ್ತರದ ಮಾಂಟ್ ಬ್ಲಾಂಕ್. ಫ್ರಾನ್ಸ್ ಮತ್ತು ಇಟಲಿ ಗಡಿಯಲ್ಲಿದೆ. ಫ್ರೆಂಚರು 'ಮೋಂ ಬ್ಲಾಂ' ಎನ್ನುತ್ತಾರೆ, ಬಿಳಿ ಬೆಟ್ಟ ಎಂದರ್ಥ.

ಅದರ ಎತ್ತರ ಎಷ್ಟು ಎಂದು ಕೇಳಿದರೆ, ಯಾವ ವರ್ಷದ್ದು ಎಂದು ತಿರುಗಿ ಕೇಳಬೇಕಾಗುತ್ತದೆ. 2021ರಲ್ಲಿ ಅಳೆದಾಗ 4,807.81 ಮೀಟರ್ ಇತ್ತು. 2023ರಲ್ಲಿ 4,805.59. ಬೆಟ್ಟ ಕುಸಿದಿಲ್ಲ. ತುದಿಯಲ್ಲಿ ಕೂತಿರುವುದು ಬಂಡೆಯಲ್ಲ, ಹಿಮದ ದಪ್ಪ ಟೋಪಿ. ಗಾಳಿ ಮತ್ತು ಹಿಮಪಾತ ಅದನ್ನು ಏರಿಸುತ್ತವೆ, ಇಳಿಸುತ್ತವೆ. ನಿಜವಾದ ಬಂಡೆಯ ತುದಿ 4,792 ಮೀಟರಿನಲ್ಲಿ, ಈಗಿನ ನೆತ್ತಿಯಿಂದ ಸ್ವಲ್ಪ ಪಕ್ಕಕ್ಕೆ ಹೂತುಹೋಗಿದೆ. 1893ರಲ್ಲಿ ಜಾನ್ಸೆನ್ ಎಂಬ ಖಗೋಳ ವಿಜ್ಞಾನಿ ಈ ನೆತ್ತಿಯ ಮೇಲೇ ಒಂದು ವೀಕ್ಷಣಾಲಯ ಕಟ್ಟಿಸಿದರು. ಅಡಿಪಾಯಕ್ಕೆ ಬಂಡೆ ಸಿಗುತ್ತದೇನೋ ಎಂದು ಮೊದಲೇ ಅಗೆದು ನೋಡಿದ್ದರು, ಸಿಕ್ಕಿರಲಿಲ್ಲ. ಆದರೂ ಹಿಮದ ಮೇಲೇ ಕಟ್ಟಿದರು. ಹದಿನೈದು ಹದಿನಾರು ವರ್ಷದಲ್ಲಿ ಕಟ್ಟಡ ಹಿಮದೊಳಗೆ ಮುಳುಗಿಹೋಯಿತು.

ಈ ಬೆಟ್ಟವನ್ನು ಮೊದಲು ಹತ್ತಿದವರು ಜಾಕ್ ಬಾಲ್ಮಾ ಮತ್ತು ಮಿಶೆಲ್ ಗೇಬ್ರಿಯಲ್ ಪಕ್ಕಾರ್. ಒಬ್ಬರು ಹರಳು ಹುಡುಕಿ ಮಾರುವವರು, ಇನ್ನೊಬ್ಬರು ಊರಿನ ಡಾಕ್ಟರು. 1786ರ ಆಗಸ್ಟ್ 8ರಂದು ಶಾಮನಿ ಊರಿನ ಕಡೆಯ ಹಿಮನದಿಗಳ ಮೇಲೆ ಹೋದರು. ಹಗ್ಗವಿಲ್ಲ, ಬೂಟಿನಡಿಗೆ ಕಟ್ಟುವ ಉಕ್ಕಿನ ಹಲ್ಲುಗಳ ಕ್ರಾಂಪಾನ್ ಇಲ್ಲ, ಉದ್ದನೆಯ ಕೋಲು ಅಷ್ಟೇ. ಮುಂದೆ ಬಹಳ ಕಾಲ ಆ ಕಡೆಯೇ ಮಾಮೂಲಿ ದಾರಿಯಾಗಿತ್ತು. ಈಗ ಜನ ಹೋಗುವ ಗೂತೆ ದಾರಿಯಲ್ಲಿ ಪೂರ್ತಿಯಾಗಿ ನೆತ್ತಿ ಮುಟ್ಟಿದ್ದು 1861ರಲ್ಲಿ. ಅಂದರೆ 'ನಾರ್ಮಲ್' ಎಂಬುದು ದಾರಿಗೆ ಅಂಟಿಕೊಂಡ ಹೆಸರಲ್ಲ, ಕಾಲಕ್ಕೆ ತಕ್ಕಂತೆ ಕೈ ಬದಲಾಯಿಸುವ ಪದವಿ. ಗೂತೆ ದಾರಿಯ ಕೈಯಲ್ಲಿ ಅದು ಇನ್ನೆಷ್ಟು ದಿನ ಇರುತ್ತದೋ ಎಂಬ ಅನುಮಾನ ನನಗೆ ಬಲವಾಗಿದೆ. ಕಾರಣ ಮುಂದೆ ಬರುತ್ತದೆ. (ಫ್ರೆಂಚಿನಲ್ಲಿ ಗೂತೆ ಎಂದರೆ ಸಂಜೆಯ ತಿಂಡಿ. ಹೆಸರು ಕೇಳಿದರೆ ಬೋಂಡಾ, ಕಾಫಿ ಸಿಗುವ ಜಾಗ ಅನ್ನಿಸುತ್ತದೆ.)

ಆಲ್ಪ್ಸ್‌ನಲ್ಲಿ ದಾರಿಗಳಿಗೆ ದರ್ಜೆ ಕೊಡುವ ಪದ್ಧತಿ ಇದೆ. 'ಸುಲಭ' ಎಂದು ಶುರುವಾಗಿ 'ಅತ್ಯಂತ ಕಠಿಣ'ದವರೆಗೆ ಹೋಗುತ್ತದೆ. ಗೂತೆ ದಾರಿಗೆ ಸಿಕ್ಕಿರುವುದು ಕೆಳಗಿನಿಂದ ಎರಡನೆಯದು, 'ತುಸು ಕಷ್ಟ'. ಓದಿದವರಿಗೆ ಧೈರ್ಯ ಬರುತ್ತದೆ. ಆದರೆ ಈ ದರ್ಜೆ ಮುಖ್ಯವಾಗಿ ಅಳೆಯುವುದು ಕೈಕಾಲಿಗೆ ಎಷ್ಟು ಕೆಲಸ, ಎಷ್ಟು ಕಡಿದು, ಎಷ್ಟು ಕುಶಲತೆ ಬೇಕು ಎಂಬುದನ್ನು. ಮೇಲಿಂದ ಕಲ್ಲು ಬೀಳುತ್ತದಾ, ಗಾಳಿ ಎದ್ದರೆ ಓಡಿಹೋಗಲು ಜಾಗ ಇದೆಯಾ, ತಲೆ ಸುತ್ತಿದರೆ ಏನು ಗತಿ ಎಂಬ ಪ್ರಶ್ನೆಗಳಿಗೆ ಆ ಎರಡು ಪದದಲ್ಲಿ ಉತ್ತರ ಹುಡುಕಬಾರದು. ಹೈವೇ ದಾಟುವುದು ಕಷ್ಟದ ಕೆಲಸವೇನಲ್ಲ, ಅಲ್ವಾ? ಯಾವಾಗ ದಾಟುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಗೂತೆ ದಾರಿಯ ಗುಟ್ಟೂ ಅಷ್ಟೇ. ಇಲ್ಲಿ ಎಲ್ಲಿ ಹೋಗುತ್ತೀರಿ ಎನ್ನುವುದಕ್ಕಿಂತ ಎಷ್ಟು ಗಂಟೆಗೆ ಹೋಗುತ್ತೀರಿ ಎನ್ನುವುದು ದೊಡ್ಡದು.

ಶುರುವಾಗುವುದು ರೈಲಿನಲ್ಲಿ. ಕಣಿವೆಯ ಲೆ ಫಾಯೆ ಎಂಬಲ್ಲಿಂದ ಹಲ್ಲುಚಕ್ರದ ಪುಟ್ಟ ರೈಲು ನೀ ದೆಗ್ಲ್ ಎಂಬ ಕಡೆಯ ನಿಲ್ದಾಣಕ್ಕೆ ಏರುತ್ತದೆ. ಹದ್ದಿನ ಗೂಡು ಎಂದರ್ಥ, ಎತ್ತರ 2,372 ಮೀಟರ್. ರೈಲಿನಿಂದ ಇಳಿಯುವ ಹೊತ್ತಿಗೇ ನೀವು ಮುಳ್ಳಯ್ಯನಗಿರಿಗಿಂತ ನಾನ್ನೂರು ಮೀಟರ್ ಮೇಲಿರುತ್ತೀರಿ. ಹಳಿಯನ್ನು ಇನ್ನೂ ಮೇಲಕ್ಕೆ ಒಯ್ಯುವ ಯೋಚನೆ ಇತ್ತು, ಮೊದಲ ಮಹಾಯುದ್ಧ ಬಂದು ಅಲ್ಲಿಗೇ ನಿಂತಿತು. ಅಲ್ಲಿಂದ ಎರಡು ಎರಡೂವರೆ ಗಂಟೆ ಕಲ್ಲುದಾರಿಯಲ್ಲಿ ನಡೆದರೆ 3,167 ಮೀಟರಿನಲ್ಲಿ ತೆತ್ ರೂಸ್ ತಂಗುಮನೆ. ಇಲ್ಲಿವರೆಗೆ ವಿಶೇಷವೇನಿಲ್ಲ.

ವಿಶೇಷ ಇರುವುದು ಮುಂದಿನ ನೂರು ಹೆಜ್ಜೆಯಲ್ಲಿ.

ತೆತ್ ರೂಸ್ ದಾಟಿ ಸ್ವಲ್ಪ ಮೇಲೆ ಹೋದರೆ ಬೆಟ್ಟದ ಮೈಯಲ್ಲಿ ಮೇಲಿನಿಂದ ಕೆಳಗೆ ಉದ್ದಕ್ಕೆ ಸೀಳಿದ ಹಾಗೆ ಒಂದು ಕೊರಕಲು ಇದೆ. ಗ್ರಾಂ ಕುಲ್ವಾರ್, ಅಂದರೆ ದೊಡ್ಡ ಕೊರಕಲು. ಅದನ್ನು ಅಡ್ಡಕ್ಕೆ ದಾಟಬೇಕು. ಒಂದೆರಡು ನಿಮಿಷದ ಕೆಲಸ. ಒಳ್ಳೆಯ ಹಿಮ ಇದ್ದರೆ ಕಾಲುದಾರಿಯೇ ಬಿದ್ದಿರುತ್ತದೆ. ಅಂಚಿಗೆ ಬಂದವರು ಮಾತು ನಿಲ್ಲಿಸುತ್ತಾರೆ. ಹೆಲ್ಮೆಟ್ ಪಟ್ಟಿ ಬಿಗಿ ಮಾಡಿಕೊಳ್ಳುತ್ತಾರೆ. ಕಣ್ಣು ಮೇಲೆ, ಕಿವಿ ಇನ್ನೂ ಮೇಲೆ. ಮೊದಲು ದೂರದಲ್ಲೆಲ್ಲೋ 'ಟಕ್' ಎಂಬ ಸದ್ದು. ಆಮೇಲೆ ಟಕ್ ಟಕ್ ಟಕ್ ಎಂದು ಪುಟಿಯುವ ಸದ್ದು. ಕೊನೆಗೆ ಗಾಳಿ ಸೀಳುವ ಸುಯ್ ಎಂಬ ಶಬ್ದ, ಮುಷ್ಟಿಯಷ್ಟೋ ಫ್ರಿಜ್ಜಿನಷ್ಟೋ ದೊಡ್ಡ ಕಲ್ಲು ಕಣ್ಣೆದುರು ಹಾದು ಕೆಳಗೆ ಮಾಯ. ಸದ್ದು ಅಡಗಿದ ಮೇಲೆ ಒಬ್ಬರು ಹೊರಡುತ್ತಾರೆ. ಉಳಿದವರು ಮೇಲೆ ನೋಡುತ್ತಾ ನಿಂತು, ಕಲ್ಲು ಬಂದರೆ ಕೂಗಿ ಹೇಳಬೇಕು. ದಾಟುವವರು ನಡುವೆ ನಿಲ್ಲಬಾರದು, ಫೋಟೋ ತೆಗೆಯಬಾರದು, ಬಿದ್ದ ಕೈಗವಸು ಎತ್ತಿಕೊಳ್ಳಲು ಬಗ್ಗಲೂಬಾರದು. ಕೊಂಡಿ ಹಾಕಿಕೊಳ್ಳಲು ಅಡ್ಡಕ್ಕೆ ಒಂದು ಉಕ್ಕಿನ ಕೇಬಲ್ ಕಟ್ಟಿದ್ದಾರೆ. ಅದು ಜಾರಿ ಬೀಳುವುದನ್ನು ತಡೆಯುತ್ತದೆ. ಕಲ್ಲನ್ನು ತಡೆಯುವುದಿಲ್ಲ.

ಕಲ್ಲು ಯಾಕೆ ಬೀಳುತ್ತದೆ? ಇಷ್ಟು ಎತ್ತರದಲ್ಲಿ ಬಂಡೆಗಳ ಬಿರುಕಿನೊಳಗೆ ವರ್ಷವಿಡೀ ಹೆಪ್ಪುಗಟ್ಟಿದ ನೀರು ಇರುತ್ತದೆ. ಗೋಡೆಯ ಕಲ್ಲುಗಳ ನಡುವೆ ಗಾರೆ ಇದ್ದ ಹಾಗೆ, ಬೆಟ್ಟವನ್ನು ಹಿಡಿದಿರುವುದು ಈ ಮಂಜುಗಡ್ಡೆಯೇ. ಬಿಸಿಲೇರಿದರೆ ಅದು ಕರಗುತ್ತದೆ, ಕಲ್ಲು ಸಡಿಲವಾಗುತ್ತದೆ. ಕರಗಿದ ನೀರು ರಾತ್ರಿ ಮತ್ತೆ ಹೆಪ್ಪುಗಟ್ಟುವಾಗ ಹಿಗ್ಗಿ ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ. ಹಾಗಾಗಿ ಬೆಳಗಿನ ಜಾವ ಕೊರಕಲು ಸ್ವಲ್ಪ ಶಾಂತ, ಮಧ್ಯಾಹ್ನದಿಂದ ಸಂಜೆವರೆಗೆ ಗಲಾಟೆ. ಮೇಲೆ ಹಿಮದ ಹೊದಿಕೆ ದಪ್ಪವಿದ್ದರೆ ಕಲ್ಲುಗಳನ್ನು ಅದು ಕಟ್ಟಿಹಾಕುತ್ತದೆ. ಹಿಮ ಬೇಗ ಕರಗಿದ ವರ್ಷ ಕೊರಕಲು ಬೋಳಾಗಿ, ಕಲ್ಲು ಪುಡಿ ಉದುರುತ್ತಲೇ ಇರುತ್ತದೆ.

2022 ಅಂಥ ವರ್ಷ. ಚಳಿಗಾಲದಲ್ಲಿ ಹಿಮ ಕಡಿಮೆ ಬಿದ್ದಿತ್ತು, ಬೇಸಿಗೆಯ ಬಿಸಿಲು ಮಿತಿ ಮೀರಿತ್ತು. ಆ ಜುಲೈ 25ರಂದು ಪಕ್ಕದ ಸ್ವಿಜರ್‌ಲೆಂಡಿನ ಮೇಲೆ ಸೊನ್ನೆ ಡಿಗ್ರಿ ಸಿಗಲು 5,184 ಮೀಟರ್ ಏರಬೇಕಾಯಿತು. ಅಂದರೆ ಮಾಂಟ್ ಬ್ಲಾಂಕ್ ನೆತ್ತಿಗಿಂತಲೂ ಮೇಲೆ! ಗೈಡ್ ಕಂಪನಿಗಳು ಗೂತೆ ದಾರಿಗೆ ಗಿರಾಕಿಗಳನ್ನು ಒಯ್ಯುವುದನ್ನು ನಿಲ್ಲಿಸಿದವು. ಆದರೂ ಕೆಲವರು ಸುಮ್ನೆ ಹೊರಟುಬಿಡುತ್ತಿದ್ದರು. ಫ್ರಾನ್ಸ್‌ನಲ್ಲಿ ಪರ್ವತದಿಂದ ಎತ್ತಿ ತರುವ ರಕ್ಷಣೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ರೇಗಿಹೋದ ಸ್ಯಾಂ ಜೆರ್ವೆ ಊರಿನ ಮೇಯರ್, ಹತ್ತುವವರು ಮೊದಲೇ 15,000 ಯೂರೋ ಠೇವಣಿ ಇಡಲಿ ಎಂದರು. ಲೆಕ್ಕವನ್ನೂ ಬಿಡಿಸಿ ಹೇಳಿದರು: 10,000 ರಕ್ಷಣೆಗೆ, 5,000 ಶವಸಂಸ್ಕಾರಕ್ಕೆ. ಠೇವಣಿಯ ಮಾತು ಹಾಗಿರಲಿ, ಆಗಸ್ಟ್ ಮೊದಲ ವಾರದಲ್ಲಿ ದಾರಿಯ ತಂಗುಮನೆಗಳನ್ನೇ ಮುಚ್ಚಿಸಿದರು. ಗೂತೆ ದಾರಿಯ 'ನಾರ್ಮಲ್' ಪದವಿಯ ಬಗ್ಗೆ ನನ್ನ ಅನುಮಾನಕ್ಕೆ ಕಾರಣ ಇದೇ. ಈ ಒಂದು ಭಾಗದಲ್ಲಿ 1990ರಿಂದ ಈಚೆಗೆ ಸತ್ತವರ ಸಂಖ್ಯೆ ನೂರು ದಾಟಿದೆ. ಕೊರಕಲು ದಾಟುವಾಗ ಕೆಲವರು, ಅದರ ಮೇಲಿನ ಏಣಿನಿಂದ, ಅಂದರೆ ಬೆಟ್ಟದ ಚೂಪು ಬೆನ್ನಿನಿಂದ, ಜಾರಿ ಇನ್ನು ಕೆಲವರು.

ಆ ಏಣು ಸುಮಾರು ಐನೂರು ಮೀಟರ್ ಎತ್ತರದ ಕಲ್ಲಿನ ಮೆಟ್ಟಿಲಿನಂಥ ದಾರಿ. ಕೈ ಊರಿ ಹತ್ತಬೇಕು, ಕೆಲವು ಕಡೆ ಕೇಬಲ್ ಹಿಡಿದು. ಕಷ್ಟವಲ್ಲ, ಆದರೆ ತಪ್ಪು ಹೆಜ್ಜೆಗೆ ಮಾಫಿ ಇಲ್ಲ. ಮೇಲೆ 3,835 ಮೀಟರಿನಲ್ಲಿ ಗೂತೆ ತಂಗುಮನೆ. 2013ರಲ್ಲಿ ತೆರೆದ ನಾಲ್ಕು ಅಂತಸ್ತಿನ ಕಟ್ಟಡ, ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಮೊಟ್ಟೆಯೊಂದನ್ನು ಪ್ರಪಾತದ ಅಂಚಿಗೆ ಇಟ್ಟ ಹಾಗೆ ಕಾಣುತ್ತದೆ. 120 ಜನಕ್ಕೆ ಜಾಗ. ಬೂಟು, ಕ್ರಾಂಪಾನ್ ಎಲ್ಲ ಕೆಳಗೇ ಬಿಟ್ಟು ಅವರು ಇಟ್ಟಿರುವ ಚಪ್ಪಲಿ ಹಾಕಿಕೊಂಡು ಒಳಗೆ ಹೋಗಬೇಕು. ಕುಡಿಯುವ ನೀರು ಬಾಟಲಿಯಲ್ಲಿ ಕೊಳ್ಳಬೇಕು. ಹೆಲಿಕಾಪ್ಟರಿನಲ್ಲಿ ಬಂದ ನೀರು, ಬೆಲೆ ಕೇಳಿ ಬೆಚ್ಚಬೇಡಿ.

2019ರಿಂದ ತಂಗುಮನೆಯಲ್ಲಿ ಜಾಗ ಕಾದಿರಿಸದೆ ಈ ದಾರಿಯಲ್ಲಿ ಹೋಗುವ ಹಾಗಿಲ್ಲ. ಟೆಂಟ್ ಹಾಕಿ ಮಲಗುವುದಕ್ಕೂ ಬಿಡುವುದಿಲ್ಲ. ಬೆಟ್ಟಕ್ಕೂ ಟಿಕೆಟ್ಟೇ ಎಂದು ಗೊಣಗಿದವರಿದ್ದಾರೆ. ಆದರೆ ಅದೇ ವರ್ಷ ಒಬ್ಬ ಮಹಾನುಭಾವ ಜಿಮ್ಮಿನ ರೋಯಿಂಗ್ ಮಷೀನನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟು, 4,362 ಮೀಟರಿನ ತುರ್ತು ಆಸರೆಯಲ್ಲಿ ಅದನ್ನು ಬಿಟ್ಟು ಬಂದಿದ್ದ. ನಿಯಮ ಯಾಕೆ ಬೇಕು ಎಂದು ಬೇರೆ ವಿವರಿಸಬೇಕಿಲ್ಲ.

ಈಗ ದೇಹದ ಲೆಕ್ಕ. ನೆತ್ತಿಯ ಮೇಲೂ ಗಾಳಿಯಲ್ಲಿ ಆಕ್ಸಿಜನ್ ಪಾಲು ನೂರಕ್ಕೆ ಇಪ್ಪತ್ತೊಂದೇ. ಆದರೆ ಗಾಳಿಯೇ ತೆಳು. ಒಂದು ಉಸಿರಿನಲ್ಲಿ ಸಿಗುವುದು ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ತುಸು ಜಾಸ್ತಿ ಮಾತ್ರ. ನೀರು 84 ಡಿಗ್ರಿ ಆಸುಪಾಸಿಗೇ ಕುದಿದುಬಿಡುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಮೊದಲು ಉಸಿರಾಟ, ಎದೆಬಡಿತ ಹೆಚ್ಚುತ್ತವೆ. ಕೆಲವು ದಿನದಲ್ಲಿ ರಕ್ತದ ಸ್ಥಿತಿ ಬದಲಾಗುತ್ತದೆ. ಹೊಸ ಕೆಂಪು ರಕ್ತಕಣಗಳು ತಯಾರಾಗಲು ವಾರಗಳೇ ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಎಂಬುದು ಡಾಕ್ಟರುಗಳು ಹೇಳುವ ರೂಢಿಯ ಲೆಕ್ಕ. ಗೂತೆ ದಾರಿಯ ಎರಡು ದಿನದ ವೇಳಾಪಟ್ಟಿ ಈ ಲೆಕ್ಕವನ್ನು ಗಾಳಿಗೆ ತೂರುತ್ತದೆ. ಶಾಮನಿಯಲ್ಲಿ ಸಾವಿರ ಮೀಟರಿನಲ್ಲಿ ಮಲಗಿದವರು ಮಾರನೇ ರಾತ್ರಿ 3,835ರಲ್ಲಿ, ಮರುದಿನ ಬೆಳಿಗ್ಗೆ 4,800ರಲ್ಲಿ.

ಅದಕ್ಕೇ ತಿಳಿದವರು ಮೊದಲು ಮೂರು ದಿನ ಬೇರೆ ಬೆಟ್ಟ ಹತ್ತುತ್ತಾರೆ. ಇಟಲಿಯ 4,061 ಮೀಟರಿನ ಗ್ರಾನ್ ಪರಾದಿಸೊ ಇದಕ್ಕೆ ಹೆಸರಾಗಿದೆ. ಅಲ್ಲಿ ಮೇಲೆ ಹೋಗಿ, ಮಲಗಿ, ಇಳಿದು ಬಂದರೆ ದೇಹಕ್ಕೆ ಎತ್ತರದ ಪರಿಚಯ ಆಗಿರುತ್ತದೆ. ಹಾಗೆ ಮಾಡದವರಿಗೆ ಗೂತೆಯಲ್ಲಿ ತಲೆನೋವು, ವಾಕರಿಕೆ, ನಿದ್ದೆ ಬಾರದ ರಾತ್ರಿ. ತಲೆನೋವು ಮಾತ್ರ ಇದ್ದರೆ ಮೇಲೆ ಹೋಗದೆ ಕಾದು ನೋಡಬಹುದು. ಕೂತಲ್ಲೇ ಏದುಸಿರು ಬಂದರೆ, ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಆಗದೆ ತೂರಾಡಿದರೆ, ಶ್ವಾಸಕೋಶದಲ್ಲೋ ಮಿದುಳಲ್ಲೋ ನೀರು ತುಂಬುತ್ತಿದೆ ಎಂದರ್ಥ. ಆಗ ಎಷ್ಟು ಹೊತ್ತಾಗಿದ್ದರೂ ಇಳಿಯಬೇಕು. ಗಟ್ಟಿಮುಟ್ಟಾದವರಿಗೆ ಇದು ಬರುವುದಿಲ್ಲ ಎಂಬುದು ಸುಳ್ಳು. ಮ್ಯಾರಥಾನ್ ಓಡುವವರು ವೇಗವಾಗಿ ಏರುತ್ತಾರೆ, ಹಾಗಾಗಿ ಬೇಗ ಸಿಕ್ಕಿಬೀಳುತ್ತಾರೆ.

ಬೆಳಗಿನ ಜಾವ ಎರಡು ಗಂಟೆ. ದೀಪ ಹಾಕುತ್ತಾರೆ. ಬ್ರೆಡ್ಡು, ಜಾಮು, ಬಿಸಿ ಚಹಾ. ಹೊಟ್ಟೆ ಬೇಡ ಎನ್ನುತ್ತದೆ, ಆದರೂ ತುರುಕಿಕೊಳ್ಳಬೇಕು. ಹೊರಗೆ ಹಣೆಗೆ ಟಾರ್ಚು ಕಟ್ಟಿಕೊಂಡು ಹಗ್ಗಕ್ಕೆ ಕೊಂಡಿ ಹಾಕಿಕೊಳ್ಳುತ್ತಾರೆ. ಈ ದಾರಿಯಲ್ಲಿ ಒಬ್ಬ ಗೈಡಿಗೆ ಇಬ್ಬರೇ ಗಿರಾಕಿಗಳು. ಇಷ್ಟು ಬೇಗ ಯಾಕೆ? ರಾತ್ರಿ ಹಿಮ ಗಟ್ಟಿಯಾಗಿರುತ್ತದೆ. ಕ್ರಾಂಪಾನಿನ ಹಲ್ಲು ಕಚ್ಚುತ್ತದೆ, ಕಾಲು ಹೂತುಹೋಗುವುದಿಲ್ಲ. ಮಧ್ಯಾಹ್ನದ ಗುಡುಗು ಸಿಡಿಲಿಗೆ ಮುಂಚೆ ಇಳಿದಿರಬೇಕು. ಕೊರಕಲು ಕೆರಳುವ ಮೊದಲು ಅದನ್ನೂ ದಾಟಿರಬೇಕು. ಹಿಂದಿನಿಂದ ಲೆಕ್ಕ ಹಾಕುತ್ತಾ ಬಂದರೆ ಎರಡು ಗಂಟೆಗೇ ಬಂದು ನಿಲ್ಲುತ್ತದೆ.

ಕ್ರಾಂಪಾನ್ ಹಾಕಿದ ಮೇಲೆ ನಡಿಗೆಯೇ ಬದಲಾಗುತ್ತದೆ. ಕಾಲು ತುಸು ಅಗಲಿಸಿ ಇಡಬೇಕು. ಇಲ್ಲದಿದ್ದರೆ ಒಂದು ಕಾಲಿನ ಹಲ್ಲು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಹಿಮನದಿಯ ಮೇಲೆ ಇಬ್ಬರ ನಡುವೆ ಹತ್ತು ಹದಿನೈದು ಮೀಟರ್ ಹಗ್ಗ. ಅದು ಸಡಿಲವಾಗಿ ಜೋತು ಬೀಳಬಾರದು, ಎಳೆಯಲೂಬಾರದು. ಕತ್ತಲಲ್ಲಿ ಮುಂದಿನವರ ಮುಖ ಕಾಣುವುದಿಲ್ಲ. ಅವರು ಸುಸ್ತಾಗಿದ್ದಾರಾ ಎಂಬುದು ಸೊಂಟದ ಹತ್ತಿರ ಹಗ್ಗ ಎಳೆದುಕೊಳ್ಳುವ ರೀತಿಯಲ್ಲೇ ತಿಳಿಯುತ್ತದೆ. ಇಬ್ಬರೇ ಇದ್ದರೆ ನಡುವೆ ಹಗ್ಗಕ್ಕೆ ಕೆಲವು ಗಂಟು ಹಾಕುತ್ತಾರೆ. ಒಬ್ಬರು ಬಿರುಕಿಗೆ ಬಿದ್ದರೆ ಗಂಟು ಹಿಮದ ಅಂಚಿಗೆ ಕಚ್ಚಿಕೊಂಡು ಬ್ರೇಕ್ ಹಾಕುತ್ತದೆ. ಬೆನ್ನಿನ ಚೀಲದಿಂದ ಪೈಪಿನಲ್ಲಿ ನೀರು ಹೀರುವವರಿಗೆ ಅರ್ಧ ಗಂಟೆಯಲ್ಲಿ ಪೈಪು ಹೆಪ್ಪುಗಟ್ಟಿ ಬಾಯಾರಿಕೆಯೇ ಗತಿ. ಬಾಟಲಿಯನ್ನು ಜಾಕೆಟ್ಟಿನೊಳಗೆ ಇಟ್ಟುಕೊಂಡವರು ಬುದ್ಧಿವಂತರು.

ಬಿರುಕು ಎಲ್ಲಿಂದ ಬಂತು? ಹಿಮನದಿ ಹೆಸರಿಗೆ ತಕ್ಕಂತೆ ನದಿಯೇ. ನಿಧಾನವಾಗಿ ಹರಿಯುತ್ತದೆ. ಅಡಿಯ ಬಂಡೆ ಉಬ್ಬಿದ ಕಡೆ ಮೇಲಿನ ಮಂಜು ಬಾಗಲಾರದೆ ಸೀಳುತ್ತದೆ. ಆ ಸೀಳಿನ ಮೇಲೆ ಹೊಸ ಹಿಮ ಬಿದ್ದು ಮುಚ್ಚಳವಾಗುತ್ತದೆ. ಬೆಳಿಗ್ಗೆ ಮುಚ್ಚಳ ಗಟ್ಟಿ, ಮಧ್ಯಾಹ್ನ ಮೆತ್ತಗೆ. ಇಲ್ಲೂ ಗಡಿಯಾರವೇ.

ಈ ಹರಿವಿಗೆ ನಮ್ಮ ದೇಶದ ಒಂದು ದುಃಖದ ಸಾಕ್ಷಿ ಇದೆ. 1950ರ ನವೆಂಬರ್ 3ರಂದು ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ವಿಮಾನ ಈ ಬೆಟ್ಟಕ್ಕೆ ಬಡಿದು 48 ಜನ ಸತ್ತರು. 1966ರ ಜನವರಿ 24ರಂದು ಜಿನೀವಾದಲ್ಲಿ ಇಳಿಯಬೇಕಿದ್ದ 'ಕಾಂಚನಜುಂಗಾ' ಇಲ್ಲೇ ಅಪ್ಪಳಿಸಿತು, 117 ಜನ ಹೋದರು. ಅದರಲ್ಲಿ ಹೋಮಿ ಭಾಭಾ ಇದ್ದರು. ಮುಂಬಯಿಗೆ ಹೋಗಿ ಸಂಸ್ಥೆ ಕಟ್ಟುವ ಮೊದಲು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ.ವಿ. ರಾಮನ್ ಜೊತೆಗಿದ್ದು ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದವರು. ಮೇಲೆ ಹೂತುಹೋದ ಅವಶೇಷಗಳನ್ನು ಬೊಸ್ಸೋಂ ಹಿಮನದಿ ದಶಕಗಳ ಕಾಲ ಹೊತ್ತು ತಂದು ಈಗ ಕೆಳಗೆ ಉಗುಳುತ್ತಿದೆ. 2012ರಲ್ಲಿ ನಮ್ಮ ವಿದೇಶಾಂಗ ಸಚಿವಾಲಯದ ಅಂಚೆಚೀಲ ಸಿಕ್ಕಿತು. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿಯ ದಿನಪತ್ರಿಕೆಗಳು ಸಿಕ್ಕವು. ಅಕ್ಷರ ಓದುವಂತಿತ್ತು.

ಗೂತೆಯಿಂದ ಮುಂದೆ 4,304 ಮೀಟರಿನ ದೋಮ್ ಬರುತ್ತದೆ. ಬೋಳು ತಲೆಯಂಥ ಅಗಲವಾದ ಹಿಮದ ಗುಡ್ಡ. ನೋಡಲು ಇದರಷ್ಟು ಸಾಧು ಜಾಗ ಈ ದಾರಿಯಲ್ಲಿ ಇನ್ನೊಂದಿಲ್ಲ. ಮೋಡ ಕವಿದರೆ ಮಾತ್ರ ಇದೇ ಬೋನು. ನೆಲ, ಆಕಾಶ ಎರಡೂ ಒಂದೇ ಬಿಳಿ. ಹೆಜ್ಜೆಗುರುತನ್ನು ಗಾಳಿ ಅಳಿಸಿಹಾಕುತ್ತದೆ. ಜಿಪಿಎಸ್ ಇಲ್ಲದವರು ಸುತ್ತಿ ಸುತ್ತಿ ಎಲ್ಲೋ ಇಳಿದುಬಿಡುತ್ತಾರೆ. ದೋಮ್ ದಾಟಿದರೆ ವಾಲೋ ಆಸರೆ, ರೋಯಿಂಗ್ ಮಷೀನ್ ಕಂಡ ಅದೇ ಜಾಗ. ತಗಡಿನ ಪೆಟ್ಟಿಗೆಯಂಥ ಕೋಣೆ. ತುರ್ತಿಗೆ ಮಾತ್ರ. ಹಿಂತಿರುಗಬೇಕಾ ಎಂದು ನಿರ್ಧರಿಸಲು ಸರಿಯಾದ ಸ್ಥಳ ಇದು. ಯಾಕೆಂದರೆ ಮುಂದೆ ಬೋಸ್ ಏಣು ಶುರು.

ಬೋಸ್ ಎಂದರೆ ಒಂಟೆಯ ಡುಬ್ಬದಂಥ ಉಬ್ಬು. ಎರಡು ಉಬ್ಬು ಹತ್ತಿಳಿದು, ಆಮೇಲೆ ಚಾಕುವಿನ ಬೆನ್ನಿನಂತೆ ಸಪೂರವಾಗುವ ಹಿಮದ ಏಣಿನ ಮೇಲೆ ನಡೆಯಬೇಕು. ಎರಡೂ ಕಡೆ ಇಳಿಜಾರು. ಕೆಲವು ಕಡೆ ಒಂದು ಬೂಟಿನ ಪಕ್ಕ ಇನ್ನೊಂದು ಬೂಟು ಇಡುವಷ್ಟೇ ಅಗಲ. ಎದುರಿನಿಂದ ಇಳಿಯುವವರು ಬಂದರೆ ಯಾರಾದರೊಬ್ಬರು ಪಕ್ಕಕ್ಕೆ ಸರಿದು ಐಸ್ ಆ್ಯಕ್ಸ್ ನೆಟ್ಟು ನಿಲ್ಲಬೇಕು. ಇಲ್ಲಿ ಗೈಡುಗಳು ಹಗ್ಗ ಗಿಡ್ಡ ಮಾಡುತ್ತಾರೆ. ಗಿರಾಕಿ ಎಡವಿದ ಕ್ಷಣಕ್ಕೇ, ಬೀಳುವ ಮೊದಲೇ ಹಿಡಿಯಬೇಕು. ಗಂಟೆಗೆ 50 ಕಿಲೋಮೀಟರ್ ಗಾಳಿ ಇದ್ದರೆ ಈ ಏಣಿನ ಮೇಲೆ ನಿಲ್ಲುವುದೇ ಕಷ್ಟ. ಕೆಳಗೆ ಶಾಮನಿಯಲ್ಲಿ ಬಿಸಿಲು ಕಾಯುತ್ತಾ ಕಾಫಿ ಕುಡಿಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ಹವಾಮಾನ ವರದಿಯಲ್ಲಿ ಮಳೆಗಿಂತ ಮೊದಲು ನೆತ್ತಿಯ ಗಾಳಿಯ ವೇಗ, ಆಮೇಲೆ ಸೊನ್ನೆ ಡಿಗ್ರಿಯ ಎತ್ತರ ನೋಡುವುದು ಅದಕ್ಕೇ.

ಗೂತೆಯಿಂದ ನಾಲ್ಕೈದು ಗಂಟೆಯಲ್ಲಿ ನೆತ್ತಿ. ಉದ್ದನೆಯ, ಹೆಚ್ಚುಕಮ್ಮಿ ಸಮತಟ್ಟಾದ ಹಿಮದ ಬೆನ್ನು. ಗುಡಿ ಇಲ್ಲ, ಶಿಲುಬೆ ಇಲ್ಲ, ಬಂಡೆಯೂ ಇಲ್ಲ. ಹತ್ತು ನಿಮಿಷ ನಿಲ್ಲುತ್ತಾರೆ. ಕೈಗವಸು ತೆಗೆದು ಫೋಟೋ ತೆಗೆಯುವಷ್ಟರಲ್ಲಿ ಬೆರಳು ಜೋಮು ಹಿಡಿಯುತ್ತದೆ, ಫೋನು ಚಳಿಗೆ ಆಫ್ ಆಗುತ್ತದೆ.

ಆಮೇಲೆ ಇಳಿಯುವುದು. ಬಂದಿದ್ದೆಲ್ಲ ತಿರುಗಾಮುರುಗಾ, ಆದರೆ ಈಗ ಕಾಲು ಸೋತಿದೆ, ಹಿಮ ಮೆತ್ತಗಾಗಿದೆ, ಕ್ರಾಂಪಾನಿನ ಅಡಿಗೆ ಹಿಮದ ಉಂಡೆ ಅಂಟಿ ಹೆಜ್ಜೆ ಹೆಜ್ಜೆಗೂ ಕೋಲಿನಿಂದ ತಟ್ಟಿ ಉದುರಿಸಬೇಕು. ಗೂತೆಯಲ್ಲಿ ಒಂದು ಆಮ್ಲೆಟ್ ತಿನ್ನೋಣ ಎಂದು ಕೂತವರು ಒಂದು ಗಂಟೆ ಕಳೆಯುತ್ತಾರೆ. ಕಲ್ಲಿನ ಏಣು ಇಳಿದು ಕೊರಕಲಿನ ಅಂಚಿಗೆ ಬರುವಷ್ಟರಲ್ಲಿ ಮಧ್ಯಾಹ್ನ. ಮೇಲೆ ಬಿಸಿಲು ಚೆನ್ನಾಗಿ ಕಾದಿರುತ್ತದೆ. ಅಲ್ಲಿ ನಿಂತವರಿಗೆ ಎರಡು ಚಿಂತೆ: ಒಂದು ಕಲ್ಲಿನ ಸದ್ದು, ಇನ್ನೊಂದು ನೀ ದೆಗ್ಲಿನ ಕೊನೆಯ ರೈಲು. ರೈಲು ತಪ್ಪಿದರೆ ಕಣಿವೆಯವರೆಗೆ ಸಾವಿರ ಮೀಟರಿಗೂ ಜಾಸ್ತಿ ನಡೆದೇ ಇಳಿಯಬೇಕು. ಅನುಭವಸ್ಥ ಗೈಡುಗಳು ಹೆಲ್ಮೆಟ್ ಪಟ್ಟಿ ಬಿಗಿ ಮಾಡಿಕೊಂಡು, ಮೇಲೆ ನೋಡುತ್ತಾ, ಸದ್ದು ಪೂರ್ತಿ ಅಡಗುವವರೆಗೆ ನಿಂತೇ ಇರುತ್ತಾರೆ. ರೈಲು ಹೋದರೆ ಹೋಗಲಿ.